2005ರ ರ‍್ಯಾಂಗ್ಲರ್‌ಗೆ 2012ರ ಗಾಡಿಯ ವೀಲ್ ಕೂರುತ್ತಾ?

ನಿಮ್ಮದು 2005ರ ಜೀಪ್ ರ‍್ಯಾಂಗ್ಲರ್, ಅಂದರೆ ಟಿಜೆ. ಗೆಳೆಯರು 2012ರ ರ‍್ಯಾಂಗ್ಲರ್, ಅಂದರೆ ಜೆಕೆಯ ನಾಲ್ಕು ವೀಲ್ ಪುಕ್ಕಟೆ ಕೊಡ್ತೀನಿ ಅಂದಿದ್ದಾರೆ. ಎರಡಕ್ಕೂ ಐದೇ ನಟ್ಟು, ಹಾಗಾದರೆ ಕೂರಬೇಕಲ್ವಾ ಅಂತ ಕೇಳಿದ್ದೀರಿ. ನೇರವಾಗಿ ಕೂರುವುದಿಲ್ಲ.

ಇದೇ ಲೆಕ್ಕ ಹಾಕಿ ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡಿದ್ದೇನೆ, ಅದೂ ನನ್ನಿಂದಲೇ. ಕೊಲರಾಡೊದಲ್ಲಿದ್ದಾಗ ಎರಡು ಗಂಟೆ ಗಾಡಿ ಓಡಿಸಿಕೊಂಡು ಹೋಗಿ ಜೆಕೆ ವೀಲ್ ತಂದೆ. ಮನೆಗೆ ಬಂದು ಜಾಕ್ ಹಾಕಿ ನೋಡಿದರೆ, ಒಂದು ಸ್ಟಡ್ (ನಟ್ಟು ಕೂರುವ ಬೋಲ್ಟು) ತೂರಿದರೆ ಪಕ್ಕದ್ದು ತೂರುತ್ತಿಲ್ಲ. 'ಚಪ್ಪಲಿ ತಗೊಳ್ಳೋಕೆ ಮೂರು ಸಲ ಹಾಕಿ ನೋಡ್ತೀರ' ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಐದೂ ಸ್ಟಡ್‌ಗಳ ನಡುವಿನ ಮೇಲೆ ಹಾದುಹೋಗುವ ವೃತ್ತದ ಅಗಲವೇ ಪಿಸಿಡಿ. ಟಿಜೆಗೆ ಅದು 4.5 ಇಂಚು, 114.3 ಮಿ.ಮೀ. ಜೆಕೆಗೆ 5 ಇಂಚು, 127 ಮಿ.ಮೀ. ಈ ಅರ್ಧ ಇಂಚು ಕಣ್ಣಿಗೆ ಕಾಣುವುದಿಲ್ಲ. ಐದು ಸ್ಟಡ್ ಇರುವಾಗ ಯಾವುದಕ್ಕೂ ಸರಿಯಾಗಿ ಎದುರು ಇನ್ನೊಂದು ಇರುವುದಿಲ್ಲ, ಹಾಗಾಗಿ ಅಡ್ಡಲಾಗಿ ಅಳೆಯೋಕೂ ಆಗದು. ಅಕ್ಕಪಕ್ಕದ ಎರಡರ ನಡುವಿನಿಂದ ನಡುವಿಗೆ ಅಳೆಯಿರಿ, 1.7ರಿಂದ ಗುಣಿಸಿ. ಗುಣಿಸುವ ಮೊದಲೇ ಸುಮಾರು 67 ಮಿ.ಮೀ. ಬಂದರೆ ಟಿಜೆಯ ಅಳತೆ, 75ರ ಹತ್ತಿರ ಬಂದರೆ ಜೆಕೆಯದು.

ಜೀಪ್‌ನವರು ಇದನ್ನು ಎರಡು ಸಲ ಬದಲಾಯಿಸಿದ್ದಾರೆ. ವಿಲ್ಲೀಸ್ ಕಾಲದಿಂದ ಹಳೇ ಸಿಜೆ ಜೀಪುಗಳವರೆಗೆ 5.5 ಇಂಚು. ಊರಿನ ಕಾಫಿ ತೋಟದಲ್ಲಿ ಹಳೇ ವಿಲ್ಲೀಸ್ ಇದ್ದರೆ ಅದರದ್ದೂ ಅಷ್ಟೇ. 1987ರ ಮೊದಲ ರ‍್ಯಾಂಗ್ಲರ್ ವೈಜೆಯಿಂದ 2006ರ ಟಿಜೆವರೆಗೆ 4.5. 2007ರಲ್ಲಿ ಜೆಕೆ ಬಂದ ಮೇಲೆ 5.

ಹಾಗಂತ ಪುಕ್ಕಟೆ ವೀಲ್ ಬಿಡಬೇಡಿ. 114.3ರಿಂದ 127ಕ್ಕೆ ಒಯ್ಯುವ ಅಡಾಪ್ಟರ್ ಸಿಗುತ್ತದೆ. ಒಳಗಿನ ತೂತುಗಳು ನಿಮ್ಮ ಹಬ್ಬಿಗೆ (ಗಾಡಿಯಲ್ಲಿ ವೀಲ್ ಕೂರುವ ಭಾಗ), ಹೊರಗಿನ ಸ್ಟಡ್‌ಗಳು ಹೊಸ ವೀಲಿಗೆ. 1.25 ಇಂಚು ದಪ್ಪದ್ದು ತಗೊಳ್ಳಿ. ಆ ದಪ್ಪ ಸುಮ್ನೆ ಅಲ್ಲ. ಜೆಕೆಯ ಕಂಪನಿ ವೀಲಿನ ಆಫ್‌ಸೆಟ್ (ವೀಲಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಒತ್ತಿ ಕೂರುವ ಮುಖಕ್ಕಿರುವ ದೂರ) 44.45 ಮಿ.ಮೀ., ಅಂದರೆ ಅದು ಜಾಸ್ತಿ ಒಳಕ್ಕೆ ಕೂರುವ ವೀಲ್. ಪಿಸಿಡಿ ಒಂದೇ ಆಗಿದ್ದರೂ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುತ್ತಿತ್ತು. ಅಡಾಪ್ಟರ್ 31.75 ಮಿ.ಮೀ. ಹೊರಗೆ ತಂದರೆ ಉಳಿಯುವುದು 12.7. ಟಿಜೆಗೆ ಒಪ್ಪುತ್ತದೆ.

ಹಬ್ಬಿನ ನಡುವೆ ಬಿಗಿಯಾಗಿ ಕೂರುವ, 71.5 ಮಿ.ಮೀ. ತೂತಿನದ್ದೇ ಕೇಳಿ. ಅಗ್ಗದ ಮಾಲು ಬೇಡ, ಗಾಡಿಯ ಭಾರ ಪೂರ್ತಿ ಅದರ ಮೇಲೆ. ಹಳೇ ಸ್ಟಡ್‌ಗಳ ತುದಿ ಅಡಾಪ್ಟರ್ ಮುಖ ದಾಟಿ ಹೊರಗೆ ಚಾಚಿಲ್ಲ ತಾನೇ ನೋಡಿ. ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಎಂಬತ್ತರಿಂದ ನೂರು ಕಿಲೋಮೀಟರ್ ಓಡಿಸಿದ ಮೇಲೆ ವೀಲ್ ಕಳಚಿ ಒಳಗಿನ ನಟ್ಟುಗಳನ್ನೂ ಇನ್ನೊಮ್ಮೆ ನೋಡಿ. ಹೊರಗಿನದ್ದು ಮಾತ್ರ ಬಿಗಿ ಮಾಡಿ ಬಿಡುವವರೇ ಜಾಸ್ತಿ. ತೂತು ಅರೆದು ದೊಡ್ಡದು ಮಾಡಿಕೊಡ್ತೀನಿ ಅನ್ನುವವರು ಸಿಕ್ಕರೆ ಕೈಮುಗಿದು ಬಂದುಬಿಡಿ.

ಟೈರೂ ಜೊತೆಗೇ ಬರುತ್ತಾ? ಜೆಕೆಯ ರುಬಿಕಾನ್ ಮಾದರಿಯ 255/75 ಆರ್17 ಆದರೆ 32 ಇಂಚು ಎತ್ತರ. ಲಿಫ್ಟ್ ಮಾಡಿಸದ, ಅಂದರೆ ಎತ್ತರ ಹೆಚ್ಚಿಸದ ಟಿಜೆಯಲ್ಲಿ ಕಲ್ಲುಬಂಡೆ ಹತ್ತುವಾಗ ತಾಗಬಹುದು.

ಕೆಳಗೆ ಕಾಮೆಂಟ್‌ನಲ್ಲೊಬ್ಬರು ಜೆಕೆ ನಂತರ ಬಂದ ರ‍್ಯಾಂಗ್ಲರ್ ಜೆಎಲ್‌ನ ವೀಲ್ ಬಗ್ಗೆ ಕೇಳಿದ್ದಾರೆ. ಜೆಕೆಗೂ ಜೆಎಲ್‌ಗೂ ಪಿಸಿಡಿ ಒಂದೇ, 127. ಆದರೆ ಜೆಕೆಯ ಸ್ಟಡ್ ಅರ್ಧ ಇಂಚಿನದು, ಜೆಎಲ್‌ನದು 14 ಮಿ.ಮೀ. ವೀಲ್ ಅದಲುಬದಲಾಗುತ್ತದೆ, ನಟ್ಟು ಆಗುವುದಿಲ್ಲ.

ಅಡಾಪ್ಟರ್ ರಗಳೆಯೇ ಬೇಡ ಅನ್ನಿಸಿದರೆ ಗುಜರಿಯಲ್ಲಿ ಹಳೇ ಚೆರೋಕಿ ಎಕ್ಸ್‌ಜೆಯ ವೀಲ್ ಹುಡುಕಿ. ಅದಕ್ಕೂ 114.3. ನಾನು ಕೊನೆಗೆ ಹಾಕಿಕೊಂಡಿದ್ದು ಅದನ್ನೇ. ಆ ಜೆಕೆ ವೀಲುಗಳು ಇನ್ನೂ ಗ್ಯಾರೇಜಿನಲ್ಲಿವೆ.