ಹಾಲು ಸುರಿಯುವವಳ ಮುಂದೆ ಅರ್ಧ ಗಂಟೆ

ಪತ್ರ: ಮಾನ್ಯ ಸಂಪಾದಕರೇ, ಮಗ ನೆದರ್ಲೆಂಡ್ಸಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ನನಗೆ ಮೂರು ದಿನ ಆಮ್‌ಸ್ಟರ್‌ಡ್ಯಾಮ್ ಸುತ್ತಿಸಿದ. ರೈಕ್ಸ್‌ಮ್ಯೂಸಿಯಂಗೆ ಕರೆದುಕೊಂಡು ಹೋಗಿ ರೆಂಬ್ರಾಂಟನ 'ನೈಟ್ ವಾಚ್' ಚಿತ್ರ ತೋರಿಸಿದ. ಗಾಜು, ಜನರ ತಲೆ, ಮೊಬೈಲು. ನನಗೇನೂ ಅನಿಸಲಿಲ್ಲ. ಆದರೆ ಅಲ್ಲೇ ಇದ್ದ ಇನ್ನೊಂದು ಸಣ್ಣ ಚಿತ್ರದ ಮುಂದೆ ಅರ್ಧ ಗಂಟೆ ನಿಂತುಬಿಟ್ಟೆ. ಕೆಲಸದವಳೊಬ್ಬಳು ಹಾಲು ಸುರಿಯುತ್ತಿದ್ದಾಳೆ. ಹಾಲು ದಾರದಷ್ಟು ಸಣ್ಣಗೆ ಬೀಳುತ್ತಿದೆ. ಮೇಜಿನ ಮೇಲೆ ಬ್ರೆಡ್ಡಿನ ಚೂರುಗಳಿವೆ. ಅಳತೆ ನೋಡಿಕೊಂಡು ಪಾಯಸದ ಥರ ಏನೋ ಮಾಡುತ್ತಿದ್ದಾಳೆ ಅನಿಸಿತು. ಮಗನಿಗೆ ಹೇಳಿದರೆ, 'ಅಮ್ಮಾ, ಅಡುಗೆಮನೆ ಬಿಟ್ಟು ಯೋಚನೆ ಮಾಡು. ಚಿತ್ರ ನೋಡೋಕೂ ಓದಿರಬೇಕು' ಅಂದ. ಹೌದೇ? ನನಗೆ ಕಲೆಯ ಗಂಧವಿಲ್ಲ, ತಪ್ಪಿದ್ದರೆ ಕ್ಷಮಿಸಿ.
– ಒಬ್ಬ ಓದುಗರು, ದಾವಣಗೆರೆ

ಉತ್ತರ: ತಾಯಿ, ದಯವಿಟ್ಟು ಅಡುಗೆಮನೆ ಬಿಟ್ಟು ಯೋಚಿಸಬೇಡಿ. ಆ ಚಿತ್ರ ನೋಡುವುದಕ್ಕೆ ನಿಮ್ಮ ಅಡುಗೆಮನೆಗಿಂತ ಒಳ್ಳೆಯ ತಯಾರಿ ಇಲ್ಲ.

ನೀವು ನೋಡಿದ್ದು ಡಚ್ ಚಿತ್ರಗಾರ ವೆರ್ಮೀರ್ 1660ರ ಸುಮಾರಿಗೆ ಬರೆದ 'ಮಿಲ್ಕ್‌ಮೇಡ್'. ಅದರ ಎತ್ತರ 45.5 ಸೆಂಟಿಮೀಟರ್, ಅಗಲ 41. ಅವಳು ಒಣಗಿದ ಬ್ರೆಡ್ಡಿಗೆ ಹಾಲು ಹಾಕಿ ಪುಡ್ಡಿಂಗ್ ಮಾಡುತ್ತಿದ್ದಾಳೆ, ಅಳತೆ ತಪ್ಪಬಾರದು ಅಂತಲೇ ಅಷ್ಟು ಸಣ್ಣ ಧಾರೆ ಎಂದು ಕಲಾ ಚರಿತ್ರೆ ಓದಿದವರೇ ವಾದಿಸಿದ್ದಾರೆ. ಅವರು ಪುಸ್ತಕ ತಿರುವಿ ಮುಟ್ಟಿದ ಜಾಗವನ್ನು ನೀವು ನಿಮ್ಮ ಕೈಯ ಅಭ್ಯಾಸದಿಂದ ಮುಟ್ಟಿದಿರಿ. ಇದನ್ನು ಮಗನಿಗೆ ಓದಿ ಹೇಳಿ.

ಮಗನ ಮಾತಿನಲ್ಲೂ ಸತ್ಯವಿದೆ, ಇಲ್ಲವೆನ್ನುವುದಿಲ್ಲ. ಓದಿದ್ದರೆ ಕೆಲವು ಸಂಗತಿ ತಿಳಿಯುತ್ತದೆ. 'ನೈಟ್ ವಾಚ್' ರಾತ್ರಿಯ ಚಿತ್ರವೇ ಅಲ್ಲ. ಮೇಲೆ ಬಳಿದ ವಾರ್ನಿಶ್ ಕಪ್ಪಾಗಿ ಜನ ಹಾಗೆ ಕರೆದರು. 1642ರಲ್ಲಿ ನಗರ ಕಾವಲು ಪಡೆಯ ಸಭಾಂಗಣಕ್ಕೆಂದು ಬರೆದದ್ದು. 1715ರಲ್ಲಿ ನಗರಸಭೆಯ ಕಟ್ಟಡಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು! ಎಡಗಡೆ ನಿಂತಿದ್ದ ಇಬ್ಬರು ಹೋಗಿಯೇಬಿಟ್ಟರು. 2019ರಿಂದ ತಜ್ಞರು ಅದನ್ನು ಗಾಜಿನ ಕೋಣೆಯೊಳಗೆ ಇಟ್ಟು ಪರೀಕ್ಷೆ ಮಾಡುತ್ತಿದ್ದಾರೆ. ನೀವು ಕಂಡ ಗಾಜು ಅದೇ. ಇಷ್ಟೆಲ್ಲ ತಿಳಿದಮೇಲೂ ನಿಮಗೆ ಆ ಚಿತ್ರ ಹಿಡಿಸದಿದ್ದರೆ ಹಿಡಿಸಲಿಲ್ಲ, ಅಷ್ಟೇ. ಓದು ಚಿತ್ರದ ಕಥೆ ಹೇಳುತ್ತದೆ. ನಿಮ್ಮ ಬದಲು ಅದು ನೋಡುವುದಿಲ್ಲ.

ನೋಡುವುದಕ್ಕೆ ಬೇಕಾದದ್ದು ಹೊತ್ತು. ಇದನ್ನು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಮತ್ತೆ ಬರೆಯುತ್ತೇನೆ. 1885ರಲ್ಲಿ ರೈಕ್ಸ್‌ಮ್ಯೂಸಿಯಂನ ಈಗಿನ ಕಟ್ಟಡ ಹೊಸದಾಗಿ ತೆರೆದಿತ್ತು. ಚಿತ್ರಗಾರ ವ್ಯಾನ್ ಗೋ ಒಬ್ಬ ಸ್ನೇಹಿತನ ಜೊತೆ ಅಲ್ಲಿಗೆ ಹೋದ. ರೆಂಬ್ರಾಂಟನ 'ಯಹೂದಿ ವಧು' ಚಿತ್ರದ ಮುಂದೆ ಕೂತವನು ಏಳಲೇ ಇಲ್ಲ. ಸ್ನೇಹಿತ ಉಳಿದದ್ದನ್ನು ನೋಡಿ ಬಂದರೂ ಅಲ್ಲೇ ಇದ್ದ. ಒಣಗಿದ ಬ್ರೆಡ್ಡಿನ ತುಂಡು ತಿಂದುಕೊಂಡು ಇದರ ಮುಂದೆ ಎರಡು ವಾರ ಕೂರಲು ಬಿಟ್ಟರೆ ನನ್ನ ಆಯುಸ್ಸಿನ ಹತ್ತು ವರ್ಷ ಕೊಡುತ್ತೇನೆ ಅಂದನಂತೆ. ಅವನಿಗೆ ಉಳಿದಿದ್ದದ್ದು ಐದು ವರ್ಷವೂ ಅಲ್ಲ.

ನಾನು ಮೊದಲ ಸಲ ಆ ಊರಿಗೆ ಹೋದಾಗ ಎರಡೇ ದಿನ ಇತ್ತು. ಪಟ್ಟಿ ಹಿಡಿದುಕೊಂಡು ಒಂದೇ ದಿನದಲ್ಲಿ ಮೂರು ಮ್ಯೂಸಿಯಂ ಸುತ್ತಿದೆ. ಊರಿಗೆ ಬಂದಮೇಲೆ ಹೆಂಡತಿ 'ಏನು ನೋಡಿದಿರಿ?' ಅಂದಳು. ಹೆಸರುಗಳು ಬಾಯಿಗೆ ಬಂದವು, ಚಿತ್ರಗಳು ಕಣ್ಣಿಗೆ ಬರಲಿಲ್ಲ. ಆ ದುಃಖ ಬಹಳ ವರ್ಷ ಉಳಿಯಿತು. ಎರಡನೇ ಸಲ ಬೆಳಿಗ್ಗೆ ಹೋಗಿ 'ಯಹೂದಿ ವಧು' ಒಂದನ್ನೇ ನೋಡಿದೆ. ಆ ಗಂಡಿನ ತೋಳಿನ ಮೇಲೆ ಹಳದಿ ಬಣ್ಣ ಗಾರೆಯ ಹಾಗೆ ದಪ್ಪಗೆ ಕೂತಿದೆ. ಅವನ ಕೈ ಅವಳ ಎದೆಯ ಮೇಲಿದೆ, ಅದರ ಮೇಲೆ ಅವಳ ಬೆರಳುಗಳು ಮೆಲ್ಲಗೆ ಕೂತಿವೆ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ.

ನೀವು ನಿಂತ ಚಿತ್ರದಲ್ಲಿ ಅವಳ ಹಿಂದಿನ ಗೋಡೆ ಗಮನಿಸಿದಿರಾ? ಖಾಲಿ ಗೋಡೆ. ಒಂದು ಮೊಳೆ, ಮೊಳೆ ಕಿತ್ತ ತೂತುಗಳು. ಅಲ್ಲಿ ವೆರ್ಮೀರ್ ಮೊದಲು ಹೂಜಿಗಳನ್ನು ನೇತುಹಾಕುವ ಹಲಗೆಯೊಂದನ್ನು ಶುರು ಮಾಡಿದ್ದ, ಕೆಳಗಡೆ ಒಳಗೆ ಕೆಂಡವಿಟ್ಟು ಬಿಸಿ ಮಾಡುವ ಒಂದು ಬುಟ್ಟಿಯನ್ನೂ ಬರೆದಿದ್ದ. ಆಮೇಲೆ ಎರಡನ್ನೂ ಬಣ್ಣದಿಂದ ಮುಚ್ಚಿದ. 2022ರಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ಎಲ್ಲ ತೆಗೆದು ಅವಳನ್ನೂ ಹಾಲನ್ನೂ ಬೆಳಕನ್ನೂ ಉಳಿಸಿದ. ಇಷ್ಟು ಮಾಡಿದವನು 1675ರಲ್ಲಿ, 43ನೇ ವಯಸ್ಸಿಗೆ, ಸಾಲದಲ್ಲಿ ಸತ್ತ. ಬ್ರೆಡ್ಡಿನ ಬಾಕಿಗೆ ಹೆಂಡತಿ ಅವನ ಎರಡು ಚಿತ್ರಗಳನ್ನು ಬೇಕರಿಯವನಿಗೆ ಕೊಡಬೇಕಾಯಿತು. ಆ ಮೇಜಿನ ಮೇಲಿನ ಬ್ರೆಡ್ಡನ್ನು ನೋಡುವಾಗ ನನಗೆ ಇದು ನೆನಪಾಗದೇ ಇರುವುದಿಲ್ಲ.

ನಿಮ್ಮ ಮೇಲೆ ನನಗಿರುವ ಸಿಟ್ಟು ಒಂದೇ, ಆ ಕೊನೆಯ ಸಾಲಿನದು. ಕ್ಷಮೆ ಯಾಕೆ ಕೇಳಿದಿರಿ? ಹಾಡು ಚೆನ್ನಾಗಿಲ್ಲ, ಸಾರಿಗೆ ಉಪ್ಪು ಕಡಿಮೆ ಅಂತ ಧೈರ್ಯವಾಗಿ ಹೇಳುವ ನಮ್ಮ ಜನ ಚಿತ್ರದ ಮುಂದೆ ಮಾತ್ರ 'ನಮಗೇನು ಗೊತ್ತಾಗುತ್ತೆ' ಅಂತ ಹಿಂದೆ ಸರಿಯುತ್ತಾರೆ. ಈ ಅಂಜಿಕೆಯನ್ನು ನಾವೇ ಕಲಿಸುತ್ತೇವೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಬರೆದ ದೀಪದ ಹುಡುಗಿಯ ಚಿತ್ರವಿದೆ, ನೀವೂ ನೋಡಿರುತ್ತೀರಿ. ಬೆರಳುಗಳ ಸಂದಿಯಲ್ಲಿ ದೀಪದ ಕೆಂಪು ಬೆಳಕು. ಜಲವರ್ಣದ ಚಿತ್ರ ಅದು. ಒಮ್ಮೆ ಒಬ್ಬ ಪುಟ್ಟ ಹುಡುಗಿ ಅದರ ಮುಂದೆ ತನ್ನ ಅಂಗೈಯನ್ನೂ ಹಾಗೇ ಹಿಡಿದು ನೋಡಿಕೊಳ್ಳುತ್ತಿದ್ದಳು. ಪ್ರವಾಸಕ್ಕೆ ಕರೆತಂದ ಮೇಷ್ಟ್ರು ಸೀಟಿ ಊದಿ 'ಲೈನ್, ಲೈನ್, ಬೇಗ ನಡೀರಿ' ಅಂದರು. ಆ ಮಗು ದೊಡ್ಡವಳಾಗಿ ಯುರೋಪಿಗೆ ಹೋದರೂ ಕಿವಿಯಲ್ಲಿ ಆ ಸೀಟಿಯೇ ಊದುತ್ತಿರುತ್ತದೆ. ಏಳು ದಿನಕ್ಕೆ ಐದು ದೇಶ ತೋರಿಸುವ ಟೂರ್‌ಗಳೂ ಮಾಡುವುದು ಇದನ್ನೇ ಅಲ್ವಾ? ಬಸ್ಸಿನಿಂದ ಇಳಿ, ಫೋಟೊ ತೆಗೆ, ಹತ್ತು.

ಆ ಊರಿನ ಕಲೆ ನಮಗೆ ಸಂಬಂಧವಿಲ್ಲದ್ದು ಎಂದೂ ಅಂದುಕೊಳ್ಳಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ಪಕ್ಕದಲ್ಲೇ ಇರುವ ಹಾರ್ಲೆಮ್‌ನಿಂದ ಹೆಡಾ ಎಂಬ ಚಿತ್ರಗಾರ 1610ರ ಹೊತ್ತಿಗೆ ನಮ್ಮ ವಿಜಯಪುರಕ್ಕೆ ಬಂದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಇದ್ದ. ಇನ್ನು ರೆಂಬ್ರಾಂಟ್ ಮೊಘಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಬರೆದಿದ್ದಾನೆ. ಅಂಥ 23 ಚಿತ್ರಗಳು ಇವತ್ತಿಗೂ ಉಳಿದಿವೆ. ಪೇಟ, ಜಾಮೆ ಎಂಬ ನಿಲುವಂಗಿಯ ಅಂಚು, ಸೊಂಟದ ಪಟ್ಟಿ ಎಲ್ಲವನ್ನೂ ಶ್ರದ್ಧೆಯಿಂದ ಬರೆದಿದ್ದಾನೆ. ನಮ್ಮ ಕಡೆಯ ಚಿತ್ರವನ್ನು ಅಷ್ಟು ಹೊತ್ತು ನೋಡಲು ಅವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ನಿಮ್ಮ ಆ ಅರ್ಧ ಗಂಟೆಯನ್ನು ನಮ್ಮ ಪತ್ರಿಕೆಗೆ ಎರಡು ಪುಟ ಬರೆದು ಕಳಿಸಿ. ಹಾಲಿನ ಧಾರೆ, ಹೂಜಿ ಹಿಡಿದ ಕೈ, ಮೇಲಕ್ಕೆ ಮಡಿಸಿದ ಅಂಗಿಯ ತೋಳು, ಏನೇನು ಕಂಡಿತೋ ಎಲ್ಲ ಬರೆಯಿರಿ. ಬ್ರೆಡ್ಡಿಗೆ ಹಾಲು ಎಷ್ಟು ಹಿಡಿಯುತ್ತದೆ ಅನ್ನುವುದನ್ನೂ ಬಿಡಬೇಡಿ.