ವಿಡಿಯೊ ಎಡಿಟಿಂಗ್ ಮತ್ತು ಆಟ ಎರಡಕ್ಕೂ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲೇ, ಮಲ್ಟಿಮೀಡಿಯಾ ಲ್ಯಾಪ್‌ಟಾಪ್ ಕೊಳ್ಳಲೇ?

ಹಗಲು ಯೂಟ್ಯೂಬ್‌ಗಾಗಿ ಎಡಿಟಿಂಗ್, ರಾತ್ರಿ ಒಂದೆರಡು ಗಂಟೆ ಆಟ, ಕೈಯಲ್ಲಿ ಒಂದು ಲಕ್ಷ ರೂಪಾಯಿ, ಜೊತೆಗೆ ‘ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ತೆಗೆದುಕೊಂಡರೆ ಐದು ವರ್ಷ ಚಿಂತೆಯಿಲ್ಲ’ ಎಂಬ ಲೆಕ್ಕ. ನಿಮ್ಮ ಪ್ರಶ್ನೆಯನ್ನು ಓದುವಾಗ 2013ರಲ್ಲಿ ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ಇದೇ ಲೆಕ್ಕ ಹಾಕುತ್ತಿದ್ದ ನನ್ನ ನೆನಪಾಯಿತು. ಆ ಲೆಕ್ಕದಿಂದ ನಾನು ಕಳೆದುಕೊಂಡದ್ದನ್ನು ಮೊದಲು ಹೇಳುತ್ತೇನೆ, ಅದನ್ನು ಓದಿದ ಮೇಲೆ ನಿಮ್ಮ ಪ್ರಶ್ನೆ ನಿಮಗೇ ಬೇರೆಯಾಗಿ ಕಾಣಬಹುದು.

ನಾನು ಆಗ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದೆ. ಕೆಲಸ ಕಲಿತದ್ದು ಮಾಗಡಿ ರಸ್ತೆಯ ಒಂದು ಸಣ್ಣ ಸ್ಟುಡಿಯೊದಲ್ಲಿ. ಅಲ್ಲಿನ ಯಜಮಾನರ ಬಳಿ ಲೆನೊವೊ ಐಡಿಯಾಪ್ಯಾಡ್ ವೈ510 ಇತ್ತು. ಐಬಿಎಂನ ಪಿಸಿ ವಿಭಾಗವನ್ನು 2005ರಲ್ಲಿ ಕೊಂಡ ಲೆನೊವೊ, ಕಚೇರಿಗಳಿಗೆ ಥಿಂಕ್‌ಪ್ಯಾಡ್ ಅನ್ನು ಉಳಿಸಿಕೊಂಡು, ಮನೆ ಬಳಕೆಗೆಂದು 2008ರ ಜನವರಿಯಲ್ಲಿ ಐಡಿಯಾಪ್ಯಾಡ್ ಹೆಸರನ್ನು ತಂದಾಗ ಮೊದಲು ತೋರಿಸಿದ ಯಂತ್ರಗಳಲ್ಲಿ ವೈ510 ಮತ್ತು 17 ಇಂಚಿನ ವೈ710 ಸೇರಿದ್ದವು. ಡಾಲ್ಬಿ ಧ್ವನಿ, ಅಡಿಯಲ್ಲಿ ಪುಟ್ಟ ಸಬ್‌ವೂಫರ್, ಮುಖ ನೋಡಿ ಲಾಗಿನ್ ಮಾಡಿಸುವ ಕ್ಯಾಮೆರಾ ಇವೆಲ್ಲ ಅದರ ಹೆಗ್ಗಳಿಕೆಗಳಾಗಿದ್ದವು. ಯಜಮಾನರು ಅದರಲ್ಲಿ ಎಡಿಟ್ ಮಾಡುತ್ತಿರಲಿಲ್ಲ, ಮುಗಿದ ವಿಡಿಯೊವನ್ನು ಗಿರಾಕಿಗಳಿಗೆ ತೋರಿಸುತ್ತಿದ್ದರು. ನಾದಸ್ವರದ ಧ್ವನಿ ಅದರಲ್ಲಿ ತುಂಬಿಕೊಂಡು ಬರುತ್ತಿತ್ತು. ಆ ಕಾಲಕ್ಕೆ ‘ಮಲ್ಟಿಮೀಡಿಯಾ’ ಎಂದರೆ ಸಿನಿಮಾ ನೋಡುವುದು, ಹಾಡು ಕೇಳುವುದು ಎಂದೇ ಅರ್ಥವಾಗಿತ್ತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಇದು ಬೇಕಾಗುತ್ತದೆ.

ಅದೇ ವೈ ಸರಣಿ ವರ್ಷದಿಂದ ವರ್ಷಕ್ಕೆ ಆಟದ ಕಡೆಗೆ ವಾಲಿತು. 2012ರ ವೈ580ರ ಹೊತ್ತಿಗೆ ಜೆಬಿಎಲ್ ಸ್ಪೀಕರ್‌ಗಳ ಜೊತೆಗೆ ಎನ್‌ವಿಡಿಯಾದ ಜಿಟಿಎಕ್ಸ್ 660ಎಂ ಕಾರ್ಡ್ ಬಂದಿತ್ತು. ಆಮೇಲೆ ಬಂದ ವೈ500 ಮತ್ತು ಅದರ ಹಿಂದೆಯೇ 2013ರಲ್ಲಿ ಬಂದ ವೈ510ಪಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟವು. ಸಾಮಾನ್ಯವಾಗಿ ಡಿವಿಡಿ ಡ್ರೈವ್ ಇರುವ ಜಾಗದಲ್ಲಿ ಅಲ್ಟ್ರಾಬೇ ಎಂಬ ಖಾನೆಯಿತ್ತು. ಆ ಖಾನೆಗೆ ಡಿವಿಡಿ ಡ್ರೈವ್, ಇನ್ನೊಂದು ಹಾರ್ಡ್‌ಡಿಸ್ಕ್, ಇನ್ನೊಂದು ಫ್ಯಾನ್, ಇಲ್ಲವೇ ಎರಡನೆಯ ಗ್ರಾಫಿಕ್ಸ್ ಕಾರ್ಡ್, ಈ ನಾಲ್ಕರಲ್ಲಿ ಯಾವುದನ್ನಾದರೂ ಕೂರಿಸಬಹುದಾಗಿತ್ತು. ಮನೆ ಬಳಕೆಯ ಲ್ಯಾಪ್‌ಟಾಪ್ ಒಂದರಲ್ಲಿ ಅಷ್ಟು ಸ್ವಾತಂತ್ರ್ಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮ್ಮ ಭಾವ ಅಮೆರಿಕದಿಂದ ಡಿಸೆಂಬರ್‌ನಲ್ಲಿ ಊರಿಗೆ ಬರುವವರಿದ್ದರು. ವೈ510ಪಿ ತಂದುಕೊಡುವಂತೆ ಕೇಳಿಕೊಂಡಿದ್ದೆ. ಆರ್ಡರ್ ಮಾಡುವ ದಿನ ಫೋನ್ ಮಾಡಿ, “ಆ ಖಾನೆಗೆ ಏನ್ ಹಾಕಿಸ್ಲಿ ಹೇಳು, ಡಿಸ್ಕಾ, ಇನ್ನೊಂದು ಕಾರ್ಡಾ? ನಿನ್ ಕೆಲಸಕ್ಕೆ ಯಾವುದು ಬೇಕು?” ಎಂದು ಕೇಳಿದರು. ನಾನು ಅರ್ಧ ನಿಮಿಷವೂ ಯೋಚಿಸದೆ, “ಕಾರ್ಡೇ ಹಾಕಿಸಿ ಭಾವ” ಎಂದೆ.

ನನ್ನ ತಪ್ಪು ಇದೇ. ನೀವು ಮಾಡಲು ಹೊರಟಿರುವುದೂ ಇದನ್ನೇ ಆದ್ದರಿಂದ, ಬೇಸರಿಸಿಕೊಳ್ಳದೆ ಮುಂದಿನ ನಾಲ್ಕು ಪ್ಯಾರಾಗಳನ್ನು ಓದಿ.

ಕಾರ್ಡ್ ಎಂದು ಹೇಳುವ ಮೊದಲು ನಾನು ನೋಡಿದ್ದು ಆಟಗಳ ಅಂಕಿಅಂಶಗಳನ್ನು ಮಾತ್ರ. ಒಂದು ಜಿಟಿ 750ಎಂ ಕಾರ್ಡ್ ಇದ್ದಾಗ ಸೆಕೆಂಡಿಗೆ ಎಷ್ಟು ಫ್ರೇಮ್, ಎರಡು ಇದ್ದಾಗ ಎಷ್ಟು ಫ್ರೇಮ್ ಎಂಬ ಪಟ್ಟಿಗಳವು. ಎರಡು ಕಾರ್ಡ್‌ಗಳನ್ನು ಜೋಡಿಸುವ ಎಸ್‌ಎಲ್‌ಐ ತಂತ್ರದಲ್ಲಿ ಸಾಮಾನ್ಯವಾಗಿ ಒಂದು ಫ್ರೇಮನ್ನು ಒಂದು ಕಾರ್ಡ್, ಮುಂದಿನ ಫ್ರೇಮನ್ನು ಇನ್ನೊಂದು ಕಾರ್ಡ್ ಬಿಡಿಸುತ್ತದೆ. ಇದು ನಡೆಯಬೇಕಾದರೆ ಆಯಾ ಆಟಕ್ಕೆಂದೇ ಸಿದ್ಧಪಡಿಸಿದ ಹೊಂದಾಣಿಕೆ ಡ್ರೈವರ್‌ನಲ್ಲಿ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ, ಇರಬೇಕು, ಇಲ್ಲದಿದ್ದರೆ ಎರಡನೆಯ ಕಾರ್ಡ್ ಇದ್ದೂ ಇಲ್ಲದಂತೆ. ಎರಡೂ ಕಾರ್ಡ್‌ಗಳು ಅದೇ ದೃಶ್ಯದ ಸಾಮಗ್ರಿಯನ್ನು ತಂತಮ್ಮ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಾದ್ದರಿಂದ 2 ಜಿಬಿಗೆ 2 ಜಿಬಿ ಸೇರಿ 4 ಜಿಬಿ ಆಗುವುದೂ ಇಲ್ಲ. ಇಷ್ಟು ವಿಷಯ ಆಗಲೇ ಎಲ್ಲ ಕಡೆ ಬರೆದಿತ್ತು, ನಾನು ಓದಲಿಲ್ಲ.

ಎಡಿಟಿಂಗ್‌ನಲ್ಲಿ ಕೆಲಸ ಹಂಚಿಕೆಯಾಗುವ ಬಗೆಯೇ ಬೇರೆ. ಕ್ಯಾಮೆರಾ ಒತ್ತಿ ಉಳಿಸಿಟ್ಟ ಎಚ್.264 ಕಡತವನ್ನು ಮೊದಲು ಡಿಸ್ಕ್‌ನಿಂದ ಓದಬೇಕು, ಆಮೇಲೆ ಅದನ್ನು ಬಿಚ್ಚಬೇಕು. ಬಿಚ್ಚುವ ಕೆಲಸವನ್ನು ಆಗ ನನ್ನ ಎಡಿಟಿಂಗ್ ತಂತ್ರಾಂಶ ಪ್ರೊಸೆಸರ್‌ಗೆ ಒಪ್ಪಿಸುತ್ತಿತ್ತು. ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಬರುತ್ತಿದ್ದದ್ದು ಬಣ್ಣ ತಿದ್ದುವಾಗ, ಚಿತ್ರ ಹಿಗ್ಗಿಸುವಾಗ, ಎಫೆಕ್ಟ್ ಹಾಕುವಾಗ ಮಾತ್ರ, ಅದೂ ಒಂದೇ ಕಾರ್ಡ್‌ಗೆ. ನನ್ನ ಯಂತ್ರದಲ್ಲಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಒಂದೇ ಒಂದು ಹಾರ್ಡ್‌ಡಿಸ್ಕ್. ವಿಂಡೋಸ್ ಅದರಲ್ಲೇ, ಎರಡು ಕ್ಯಾಮೆರಾಗಳ ಕಡತಗಳೂ ಅದರಲ್ಲೇ, ತಂತ್ರಾಂಶದ ತಾತ್ಕಾಲಿಕ ಕಡತಗಳೂ ಅದರಲ್ಲೇ, ಮುಗಿದ ವಿಡಿಯೊ ಬರೆಯುವುದೂ ಅದರಲ್ಲೇ. ತಿರುಗುವ ಡಿಸ್ಕ್‌ನ ಓದುವ ಮುಳ್ಳು ಒಂದೇ ಹೊತ್ತಿಗೆ ನಾಲ್ಕು ಕಡೆ ಇರಲಾರದು, ಅದು ಅಲ್ಲಿಂದಿಲ್ಲಿಗೆ ಓಡುತ್ತಲೇ ಇರುತ್ತದೆ. ಆ ಓಡಾಟದಲ್ಲೇ ನನ್ನ ಟೈಮ್‌ಲೈನ್, ಅಂದರೆ ವಿಡಿಯೊ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ನಿಂತು ನಿಂತು ಸಾಗುತ್ತಿತ್ತು. ನಾನು ಮಾತ್ರ ‘ಎರಡು ಕಾರ್ಡ್ ಇದ್ದೂ ಹೀಗಾದರೆ ಒಂದಿದ್ದರೆ ಹೇಗಿರುತ್ತಿತ್ತೋ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

2014ರ ಫೆಬ್ರವರಿಯಲ್ಲಿ ಒಂದು ದೊಡ್ಡ ಮದುವೆಯ ಕೆಲಸ ಬಂತು. ಮದುವೆಯಾದ ಮುಂದಿನ ಭಾನುವಾರ ಬೀಗರೂಟ, ಅಲ್ಲಿ ಪರದೆಯ ಮೇಲೆ ಹತ್ತು ನಿಮಿಷದ ಹೈಲೈಟ್ಸ್ ತೋರಿಸಬೇಕು ಎಂದು ಮಾತಾಗಿತ್ತು. ಮೂರು ದಿನದಲ್ಲಿ ಮುಗಿಯಬೇಕಾದ ಕಟಿಂಗ್ ಆರು ದಿನ ಹಿಡಿಯಿತು, ಏಕೆಂದರೆ ಧಾರೆಯ ದೃಶ್ಯದಲ್ಲಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಚಿತ್ರ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಶನಿವಾರ ರಾತ್ರಿ ಒಂದು ಗಂಟೆಗೆ ಎಕ್ಸ್‌ಪೋರ್ಟ್‌ಗೆ, ಅಂದರೆ ಮುಗಿದ ವಿಡಿಯೊವನ್ನು ಒಂದೇ ಕಡತವಾಗಿ ಬರೆಯಲು, ಹಾಕಿ ಮಲಗಿದೆ. ನಡುರಾತ್ರಿ ಕರೆಂಟ್ ಹೋಗಿದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ ಎಂದು ನಾನು ಯುಪಿಎಸ್ ಇಟ್ಟಿರಲಿಲ್ಲ. ಆದರೆ ಎರಡು ಕಾರ್ಡ್‌ಗಳ ಆ ಜೋಡಣೆಯಲ್ಲಿ ಇಂಟೆಲ್ ಪ್ರೊಸೆಸರ್‌ನೊಳಗಿನ, ಕಡಿಮೆ ವಿದ್ಯುತ್ ಸಾಕಾಗುವ ಗ್ರಾಫಿಕ್ಸ್‌ಗೆ ಕೆಲಸವೇ ಇರಲಿಲ್ಲ, ಹೊರೆಯೆಲ್ಲ ದೊಡ್ಡ ಕಾರ್ಡ್‌ಗಳ ಮೇಲೆಯೇ. 170 ವ್ಯಾಟ್‌ನ ಇಟ್ಟಿಗೆಯಂಥ ಅಡಾಪ್ಟರ್ ಬೇಡುವ ಯಂತ್ರ ಬ್ಯಾಟರಿಯ ಮೇಲೆ ಎಷ್ಟು ಹೊತ್ತು ಬಾಳೀತು? ಬೆಳಗ್ಗೆ ಏಳಕ್ಕೆ ಎದ್ದಾಗ ಪರದೆ ಕಪ್ಪಾಗಿತ್ತು, ಕಡತ ಅರ್ಧಕ್ಕೆ ತುಂಡಾಗಿತ್ತು. ಮತ್ತೆ ಎಕ್ಸ್‌ಪೋರ್ಟ್ ಮುಗಿಸಿಕೊಂಡು ನಾನು ಹೋಗುವ ಹೊತ್ತಿಗೆ ಊಟದ ಪಂಕ್ತಿಗಳು ಎದ್ದು, ನೆಂಟರಲ್ಲಿ ಅರ್ಧದಷ್ಟು ಮಂದಿ ಹೊರಟಿದ್ದರು. ಹುಡುಗಿಯ ತಂದೆ ಬೈಯಲಿಲ್ಲ. “ಇರ್ಲಿ ಬಿಡಪ್ಪ, ಊಟ ಮಾಡು” ಎಂದರು. ಬಾಕಿ ಹಣವನ್ನು ನಾನು ಕೇಳಲಿಲ್ಲ. ಆ ಮನೆಯಲ್ಲಿ ಅದೇ ವರ್ಷ ನಡೆದ ಇನ್ನೊಂದು ಮದುವೆಯ ಕೆಲಸ ಬೇರೆಯವರಿಗೆ ಹೋಯಿತು.

ಕರೆಂಟ್ ಹೋದದ್ದು ಕಾರಣವಲ್ಲ, ಅದು ಹೋಗುವ ಹೊತ್ತಿಗೆ ಕೆಲಸ ಮುಗಿದು ಎರಡು ದಿನವಾಗಿರಬೇಕಿತ್ತು. ಯಂತ್ರದ ತಪ್ಪೂ ಅಲ್ಲ, ಅದನ್ನು ಏನು ಮಾಡಲು ಕಟ್ಟಿದ್ದರೋ ಅದನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ನನ್ನ ಕೆಲಸ ಎಲ್ಲಿ ತಡೆಯುತ್ತದೆ ಎಂದು ನಾನೇ ಒಮ್ಮೆಯೂ ನೋಡಿರಲಿಲ್ಲ. ಮರುದಿನ ನೋಡಿದೆ. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್ 8ರ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿತ್ತು. ಗ್ರಾಫಿಕ್ಸ್ ಕಾರ್ಡ್‌ನ ಬಳಕೆಯನ್ನು ಅದು ಆಗಿನ್ನೂ ತೋರಿಸುತ್ತಿರಲಿಲ್ಲವಾದ್ದರಿಂದ ಬೇರೆ ಸಾಧನ ಹಾಕಿ ನೋಡಿದರೆ, ಒಂದು ಕಾರ್ಡ್ ಆಗಾಗ ಎಚ್ಚರಗೊಳ್ಳುತ್ತಿತ್ತು, ಎರಡನೆಯದು ಸೊನ್ನೆ. ಆ ವಾರವೇ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗಿ ಒಂದು ಸಣ್ಣ ಎಸ್‌ಎಸ್‌ಡಿಯನ್ನೂ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್), ಅಲ್ಟ್ರಾಬೇಗೆ ಹೊಂದುವ ಡಿಸ್ಕ್ ಚೌಕಟ್ಟನ್ನೂ ಹುಡುಕಿ ತಂದೆ. ಎರಡನೆಯ ಕಾರ್ಡನ್ನು ತೆಗೆದು ಹಳೆಯ ಡಿಸ್ಕನ್ನು ಆ ಖಾನೆಗೆ ಹಾಕಿ, ವಿಂಡೋಸ್ ಮತ್ತು ತಾತ್ಕಾಲಿಕ ಕಡತಗಳನ್ನು ಎಸ್‌ಎಸ್‌ಡಿಗೆ ಸರಿಸಿದೆ. ಮುಂದಿನ ಮದುವೆಯ ಕಟಿಂಗ್ ಮೂರೇ ದಿನಕ್ಕೆ ಮುಗಿಯಿತು. ಭಾವ ಕೇಳಿದ ದಿನ “ಡಿಸ್ಕ್” ಎಂಬ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಸರಣಿಯ ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. 2014ರ ವೈ50 ತೆಳುವಾಯಿತು, ಖಾನೆಯೇ ಮಾಯವಾಯಿತು, ಎರಡು ಕಾರ್ಡ್‌ಗಳ ಬದಲು ಹೆಚ್ಚು ಶಕ್ತಿಯ ಒಂದೇ ಜಿಟಿಎಕ್ಸ್ 860ಎಂ ಬಂತು, ಬೇಕಾದವರಿಗೆ 4ಕೆ ಪರದೆಯೂ ಇತ್ತು. 2015ರಲ್ಲಿ ವೈ700 ಬಂತು. 2017ರ ಜನವರಿಯಲ್ಲಿ ಲೆನೊವೊ ಆಟದ ಯಂತ್ರಗಳಿಗೆ ಲೀಜನ್ ಎಂಬ ಹೊಸ ಹೆಸರಿಟ್ಟು ವೈ520 ಮತ್ತು ವೈ720 ತಂದಿತು, ಐಡಿಯಾಪ್ಯಾಡ್ ವೈ ಅಲ್ಲಿಗೆ ಮುಗಿಯಿತು. ಎಸ್‌ಎಲ್‌ಐಗೆ ಹೊಸ ಆಟಗಳ ಹೊಂದಾಣಿಕೆ ಸೇರಿಸುವುದನ್ನು ಎನ್‌ವಿಡಿಯಾ 2021ರ ಜನವರಿ 1ರಿಂದ ನಿಲ್ಲಿಸಿತು. ‘ಮುಂದಿನ ಐದು ವರ್ಷಕ್ಕೆ’ ಎಂದು ನಾನು ಕೊಂಡ ಖಾನೆ ಕೆಲವೇ ತಿಂಗಳಲ್ಲಿ ಆ ಸರಣಿಯಿಂದಲೇ ಹೊರಟುಹೋಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೇಮಿಂಗ್ ಲ್ಯಾಪ್‌ಟಾಪೋ ಮಲ್ಟಿಮೀಡಿಯಾ ಲ್ಯಾಪ್‌ಟಾಪೋ ಎಂಬ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿನಿಮಾ ನೋಡಲು ಹುಟ್ಟಿದ ಸರಣಿಯೇ ಹತ್ತು ವರ್ಷದೊಳಗೆ ಆಟದ ಸರಣಿಯಾಯಿತು. 2021ರ ಲೀಜನ್ 5 ಪ್ರೊ ಎಂಬ ಆಟದ ಯಂತ್ರದಲ್ಲಿ 16 ಇಂಚಿನ, 2560×1600 ಚುಕ್ಕೆಗಳ, ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಶ್ರೇಣಿಯ ಬಣ್ಣಗಳನ್ನು ಪೂರ್ತಿ ತೋರಿಸುವ ಪರದೆ ಬಂದಾಗ, ಅದನ್ನು ಎಡಿಟಿಂಗ್‌ಗೆಂದೇ ಕೊಂಡವರಲ್ಲಿ ನಾನೂ ಒಬ್ಬ. 16:10 ಅನುಪಾತದ ಪರದೆಯಲ್ಲಿ ಟೈಮ್‌ಲೈನ್‌ಗೆ ಸಿಗುವ ಆ ಹೆಚ್ಚಿನ ಎತ್ತರದ ಬೆಲೆ ಎಡಿಟ್ ಮಾಡುವವರಿಗೆ ಗೊತ್ತು. ಪೆಟ್ಟಿಗೆಯ ಮೇಲಿನ ಹೆಸರನ್ನು ಮರೆತುಬಿಡಿ.

ಕಾರ್ಡ್‌ನ ಸಂಖ್ಯೆಯ ಮೇಲೂ ಅಷ್ಟು ಭಾರ ಹಾಕಬೇಡಿ. ಲ್ಯಾಪ್‌ಟಾಪ್‌ಗಳ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು, ತಯಾರಕರು ತಮ್ಮ ಯಂತ್ರದ ಮೈ ಎಷ್ಟು ಶಾಖ ತಡೆಯುತ್ತದೆ ಎಂದು ನೋಡಿ ಮಿತಿ ಹಾಕುತ್ತಾರೆ. ತೆಳ್ಳನೆಯ ದೇಹದೊಳಗೆ ಕಟ್ಟಿಹಾಕಿದ 4060, ಧಾರಾಳವಾಗಿ ಉಸಿರಾಡುವ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 4050ರ ಹಿಂದೆ ಬೀಳಬಹುದು. ಅಂಗಡಿಯಲ್ಲಿ ವ್ಯಾಟ್ ಎಷ್ಟು ಎಂದು ಕೇಳಿ, ಗೊತ್ತಿಲ್ಲ ಎಂದರೆ ತಯಾರಕರ ತಾಂತ್ರಿಕ ವಿವರಗಳ ಪುಟದಲ್ಲಿ ನೀವೇ ನೋಡಿ.

ನಿಮ್ಮ ಕ್ಯಾಮೆರಾ ಯಾವ ಬಗೆಯ ಕಡತ ಕೊಡುತ್ತದೆ ಎಂಬುದನ್ನು ನೀವು ಬರೆದಿಲ್ಲ, ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದೇ. 10 ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಒತ್ತಿದ ಬಗೆ) ಆಗಿದ್ದರೆ, ಅದನ್ನು ಸರಾಗವಾಗಿ ಬಿಚ್ಚುವ ಯಂತ್ರಾಂಶ ಎನ್‌ವಿಡಿಯಾ ಕಾರ್ಡ್‌ಗಳಿಗೆ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. 4060ರಲ್ಲಿ ಅದಿಲ್ಲ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. ನನ್ನ ವೈ510ಪಿಯಲ್ಲಿ ಮೂಲೆಗೆ ಸರಿದಿದ್ದ ಆ ಸಣ್ಣ ಗ್ರಾಫಿಕ್ಸ್ ಇವತ್ತು ನಿಮ್ಮ ಕೆಲಸದಲ್ಲಿ ದೊಡ್ಡ ಕಾರ್ಡ್‌ಗಿಂತ ಹೆಚ್ಚು ಹೊತ್ತು ದುಡಿಯಬಹುದು. ಅಂಥ ಕಡತಗಳಿದ್ದು 50 ಸರಣಿಯ ಕಾರ್ಡ್ ನಿಮ್ಮ ಹಣಕ್ಕೆ ಎಟುಕದಿದ್ದರೆ, ಒಳಗಿನ ಗ್ರಾಫಿಕ್ಸ್ ಇರುವ ಇಂಟೆಲ್ ಯಂತ್ರವನ್ನೇ ತೆಗೆದುಕೊಳ್ಳಿ. ಉಳಿದಂತೆ 16 ಜಿಬಿ ರ‍್ಯಾಮ್ ಒಂದೇ ಪಟ್ಟಿಯಲ್ಲಿದ್ದರೆ ಅಂಥದೇ ಇನ್ನೊಂದು ಪಟ್ಟಿ ಸೇರಿಸಿ, ಎರಡು ಎಸ್‌ಎಸ್‌ಡಿ ಕೂರಿಸುವ ಜಾಗವಿರುವ ಮಾದರಿಯನ್ನೇ ಆರಿಸಿ, ಪರದೆ ಶೇ 45ರಷ್ಟು ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಒಂದು ಅಳತೆ) ಎಂದಿದ್ದರೆ ಮುಟ್ಟಲೇಬೇಡಿ, ಅದರಲ್ಲಿ ತಿದ್ದಿದ ಮೈಬಣ್ಣ ಬೇರೆ ಪರದೆಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಈ ಎಲ್ಲದರ ಮೇಲೆ ರಾತ್ರಿಯ ಒಂದೆರಡು ಗಂಟೆಯ ಆಟಕ್ಕೆ 4050 ಸಾಕು. ಕಾರ್ಡ್‌ನಲ್ಲಿ ಉಳಿಸಿದ ಹಣವನ್ನು ರ‍್ಯಾಮ್‌ಗೂ ಡಿಸ್ಕ್‌ಗೂ ಹಾಕಿ.

ಹಾಗೆಯೇ, ಆನ್‌ಲೈನ್‌ನಲ್ಲಿ ಕೊಳ್ಳುವ ಮುನ್ನ ಒಂದು ಶನಿವಾರ ಬೆಳಗ್ಗೆ ಬಿಡುವು ಮಾಡಿಕೊಂಡು ಎಸ್‌ಪಿ ರಸ್ತೆಗೋ ನಿಮ್ಮ ಬಡಾವಣೆಯ ದೊಡ್ಡ ಅಂಗಡಿಗೋ ಹೋಗಿ. ನಿಮ್ಮ ಕ್ಯಾಮೆರಾದಲ್ಲೇ ತೆಗೆದ ಹತ್ತು ನಿಮಿಷದ ಕಡತಗಳಿರುವ ಮೆಮೊರಿ ಕಾರ್ಡನ್ನೂ, ನೀವು ಎಡಿಟಿಂಗ್‌ಗೆ ಬಳಸುವ ತಂತ್ರಾಂಶದ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವನ್ನೂ ಜೊತೆಗಿಟ್ಟುಕೊಳ್ಳಿ. ಮಾದರಿಗೆ ಇಟ್ಟಿರುವ ಯಂತ್ರದಲ್ಲಿ ಅದನ್ನು ಹಾಕಿ ನೋಡಲು ಬಿಡುತ್ತೀರಾ ಎಂದು ಕೇಳಿ, ಬಿಟ್ಟರೆ ಟೈಮ್‌ಲೈನ್ ಓಡಿಸಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಯಾವುದು ನೂರಕ್ಕೆ ಮುಟ್ಟುತ್ತದೆ ಎಂದು ನೋಡಿ. ಒಂದು ಅಂಗಡಿಯವರು ಒಪ್ಪದಿದ್ದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ. ನೋಡಿ ಬಂದ ಮೇಲೆ ಕ್ಯಾಮೆರಾದ ಹೆಸರನ್ನೂ ನೂರು ಮುಟ್ಟಿದ್ದು ಯಾವುದೆಂಬುದನ್ನೂ ಕೆಳಗೆ ಬರೆಯಿರಿ, ಯಾವ ಮಾದರಿ ಎಂಬುದನ್ನು ಆಗ ಹೇಳುತ್ತೇನೆ.