ಪಿಎಸ್‌ಎನ್‌ಆರ್ 42 ಇದೆ, ಆದರೂ ಆಕಾಶದಲ್ಲಿ ಪಟ್ಟೆ ಯಾಕೆ?

ಪ್ರಶ್ನೆ: ಫೋಟೊ ಕಂಪ್ರೆಸ್ ಮಾಡಿ, ಅದು ಮೂಲ ಚಿತ್ರಕ್ಕೆ ಎಷ್ಟು ಹತ್ತಿರವಿದೆ ಎಂದು ಪಿಎಸ್‌ಎನ್‌ಆರ್ ಎಂಬ ಅಂಕೆಯಲ್ಲಿ ಅಳೆದೆ (ಹೆಚ್ಚಿದ್ದಷ್ಟೂ ಹತ್ತಿರ). ಪಿಎಸ್‌ಎನ್‌ಆರ್ 42 ಡೆಸಿಬಲ್ ಬಂತು. 40 ದಾಟಿದರೆ ವ್ಯತ್ಯಾಸ ಕಾಣಲ್ಲ ಅಂತಾರೆ. ಆದರೆ ಆಕಾಶದ ತುಂಬ ಪಟ್ಟೆ, ಚೌಕ. ಅಳತೆ ತಪ್ಪಾಯಿತೇ?

ಉತ್ತರ: ಅಳತೆ ಸರಿಯಾಗಿದೆ. ತಪ್ಪಿರುವುದು ಆ 40ರ ನಿಯಮ. ಎಷ್ಟು ಸಲ ಹೇಳಿದರೂ ಅದು ಬಾಯಿಂದ ಬಾಯಿಗೆ ಹರಡುತ್ತಲೇ ಇದೆ, ಬೇಸರವಾಗುತ್ತದೆ.

ಪಿಎಸ್‌ಎನ್‌ಆರ್ ಎರಡು ಚಿತ್ರಗಳ ಪಿಕ್ಸೆಲ್‌ಗಳನ್ನು ಒಂದೊಂದಾಗಿ ಕಳೆದು, ವ್ಯತ್ಯಾಸದ ವರ್ಗಗಳ ಸರಾಸರಿಯಿಂದ ಲೆಕ್ಕ ಹಾಕುತ್ತದೆ. ತಪ್ಪು ಎಲ್ಲಿ ಬಿದ್ದಿದೆ ಎಂದು ಅದು ನೋಡುವುದೇ ಇಲ್ಲ. ಕಣ್ಣಿಗೆ ಮುಖ್ಯವಾದದ್ದೇ ಅದು, ಅಲ್ವಾ?

ನೀವೇ ಮಾಡಿ ನೋಡಿ. ಇಡೀ ಚಿತ್ರವನ್ನು 0ಯಿಂದ 255ರವರೆಗಿನ ಬೆಳಕಿನ ಅಳತೆಯಲ್ಲಿ 10 ಹಂತ ಬೆಳಗಿಸಿ. ಪಿಎಸ್‌ಎನ್‌ಆರ್ ಸುಮಾರು 28ಕ್ಕೆ ಬೀಳುತ್ತದೆ, ಆದರೆ ಚಿತ್ರ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಈಗ ಪ್ರತಿ ಪಿಕ್ಸೆಲ್‌ನಲ್ಲಿ ಬರೀ 2 ಹಂತದ ತಪ್ಪಿದೆ ಎನ್ನಿ. ಅಂಕೆ 42. ಅದೇ ತಪ್ಪು ಹುಲ್ಲಿನ ಮೇಲಿದ್ದರೆ ಗೀರುಗಳ ನಡುವೆ ಮರೆಯಾಗುತ್ತದೆ. ನುಣುಪಾದ ಆಕಾಶದಲ್ಲಿ ಅಡಗಲು ಜಾಗವಿಲ್ಲ. ಫೋಟೊ ಕುಗ್ಗಿಸುವ ಜೆಪೆಗ್ ವಿಧಾನ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಜಾಸ್ತಿ ಕುಗ್ಗಿಸಿದರೆ ಆಕಾಶದ ಒಂದೊಂದು ಚೌಕವೂ ಒಂದೇ ಬಣ್ಣಕ್ಕೆ ಇಳಿಯುತ್ತದೆ. ಅಂಚುಗಳು ಸಾಲಾಗಿ ನೇರ ಗೆರೆಯಾಗುತ್ತವೆ. ನೇರ ಗೆರೆಯನ್ನು ಕಣ್ಣು ಬಿಡುವುದಿಲ್ಲ.

2004ರಲ್ಲಿ ಬಂದ ಎಸ್‌ಎಸ್‌ಐಎಮ್ ಎಂಬ ಇನ್ನೊಂದು ಅಳತೆ ಪಿಎಸ್‌ಎನ್‌ಆರ್‌ಗಿಂತ ವಾಸಿ. ಚಿತ್ರದ ಸಣ್ಣ ಸಣ್ಣ ಭಾಗಗಳಲ್ಲಿ ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಹೋಲಿಸುತ್ತದೆ. ಆದರೆ ಜನ ಅದರದ್ದೂ ಸರಾಸರಿ ತೆಗೆದು ಒಂದೇ ಅಂಕೆ ಹಿಡಿದು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಜಾಗಕ್ಕೆ ಎಷ್ಟು ಅಂಕ ಎಂದು ತೋರಿಸುವ ಅದರ ನಕ್ಷೆ ತೆರೆದು ಅತಿ ಕೆಟ್ಟ ಜಾಗ ಹುಡುಕಿ. ಇನ್ನೊಂದು ಮಾತು: ಎಸ್‌ಎಸ್‌ಐಎಮ್ ಅನ್ನು ಹೆಚ್ಚಾಗಿ ಕಪ್ಪುಬಿಳುಪಿನ ಮೇಲಷ್ಟೇ ಲೆಕ್ಕ ಹಾಕುತ್ತಾರೆ. ಕೆಂಪು ಅಕ್ಷರದ ಬಣ್ಣ ಸೋರಿದ್ದರೆ ಗೊತ್ತೇ ಆಗದು. ವೈದ್ಯಕೀಯ ಚಿತ್ರವಾದರೆ ನಾನು ಯಾವ ಅಂಕೆಯನ್ನೂ ನಂಬಿ ಒಪ್ಪಿಗೆ ಕೊಡುವುದಿಲ್ಲ, ಅದನ್ನು ಓದುವ ವೈದ್ಯರೇ ನೋಡಬೇಕು.

ಪ್ರಶ್ನೆ: ಜೆಪೆಗ್ ಸೇವ್ ಮಾಡುವಾಗ ಆರಿಸುವ ಕ್ವಾಲಿಟಿ 90 ಅಂದರೆ ಎಲ್ಲ ಸಾಫ್ಟ್‌ವೇರ್‌ನಲ್ಲೂ ಒಂದೇನಾ?

ಉತ್ತರ: ಅಲ್ಲ. ಜೆಪೆಗ್ ಮಾನದಂಡದಲ್ಲಿ ಆ ಅಂಕೆಯೇ ಇಲ್ಲ, ಪ್ರತಿ ಸಾಫ್ಟ್‌ವೇರ್‌ಗೂ ಅದರದ್ದೇ ಲೆಕ್ಕ.

ಪ್ರಶ್ನೆ: ಕಳೆದುಹೋದ ವಿವರವನ್ನು ಎಐ ಆ್ಯಪ್ ವಾಪಸ್ ತರುತ್ತದಂತೆ?

ಉತ್ತರ: ಸುಳ್ಳು. ಅದು ಊಹಿಸಿ ಹೊಸದಾಗಿ ಬರೆಯುತ್ತದೆ. ಹಾಗೆ ಮಾರುವವರಿಗೆ ದುಡ್ಡು ಕೊಡಬೇಡಿ, ಮೂಲ ಫೈಲ್ ಅಳಿಸಬೇಡಿ.

ಪ್ರಶ್ನೆ: ಪದೇ ಪದೇ ತೆರೆದು ನೋಡಿದರೆ ಜೆಪೆಗ್ ಹಾಳಾಗುತ್ತದೆಯೇ?

ಉತ್ತರ: ಇಲ್ಲ. ತಿದ್ದಿ ಮತ್ತೆ ಸೇವ್ ಮಾಡಿದಾಗ ಮಾತ್ರ.